ಮಾತು ಮತ್ತು ಮುಂದಾಳತ್ವ: ಉತ್ತರ ಕನ್ನಡದ ಉದ್ಯೋಗಿಗೆ ಯಾವ ಕಲಿಕೆ ಹೊಂದುತ್ತದೆ?

ಸಂವಹನ ಮತ್ತು ನಾಯಕತ್ವದ ಕೌಶಲ ಬೆಳೆಸಿಕೊಳ್ಳಿ ಎಂಬ ಸಲಹೆ ಸಾಮಾನ್ಯವಾಗಿ ಕಿವಿಗೆ ಬೀಳುವುದು ಬಡ್ತಿಯ ಹೊತ್ತಿನಲ್ಲಿ. ವರ್ಷಗಟ್ಟಲೆ ಲೆಕ್ಕಪತ್ರವನ್ನೋ ಯಂತ್ರವನ್ನೋ ಅಚ್ಚುಕಟ್ಟಾಗಿ ನೋಡಿಕೊಂಡವರು ಒಂದು ದಿನ ವಿಭಾಗದ ಮುಖ್ಯಸ್ಥರಾಗುತ್ತಾರೆ. ಅಲ್ಲಿಂದ ಮುಂದೆ ಅವರ ಕೆಲಸದ ಬಹುಪಾಲು ಮಾತಿನ ಮೂಲಕವೇ ನಡೆಯಬೇಕಾಗುತ್ತದೆ. ದೊಡ್ಡ ನಗರದಲ್ಲಿರುವವರಿಗೆ ಇದಕ್ಕೆ ತರಗತಿ, ತರಬೇತುದಾರ, ಕ್ಲಬ್ಬುಗಳು ಕೈಗೆಟಕುವಷ್ಟು ಹತ್ತಿರದಲ್ಲಿವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ, ಯಲ್ಲಾಪುರಗಳಲ್ಲಿ ದುಡಿಯುವವರು ನಮ್ಮ ಜಿಲ್ಲೆಯಲ್ಲಿ ಅಂಥದ್ದೇನೂ ಇಲ್ಲವೆಂದು ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ಇಲ್ಲಿಯೂ ದಾರಿಗಳಿವೆ, ಆದರೆ ಒಂದೊಂದು ದಾರಿ ಒಂದೊಂದನ್ನು ಕಲಿಸುತ್ತದೆ. ಅವುಗಳನ್ನು ಪಠ್ಯಕ್ರಮದ ಉದ್ದದಿಂದಲೋ ಪ್ರಮಾಣಪತ್ರದ ಹೊಳಪಿನಿಂದಲೋ ಅಳೆಯುವ ಬದಲು, ಅಲ್ಲಿ ನಾವು ಎಷ್ಟು ಸಲ ಬಾಯಿ ತೆರೆಯಬೇಕಾಗುತ್ತದೆ, ಆಡಿದ ಮಾತಿಗೆ ಎದುರುತ್ತರ ಕೊಡುವವರು ಯಾರು, ಮಾಡಿದ ತೀರ್ಮಾನದ ಹೊಣೆ ಯಾರ ಮೇಲಿರುತ್ತದೆ ಎಂಬ ಮೂರು ಪ್ರಶ್ನೆಗಳಿಂದ ಅಳೆಯುವುದು ಮೇಲೆಂದು ನನ್ನ ಅಭಿಪ್ರಾಯ.

ಕೊರತೆ ಯಾವುದೆಂಬುದು ಮೊದಲು ತಿಳಿಯಲಿ

‘ಸಂವಹನ ಸಾಲದು’ ಎಂಬ ಒಂದೇ ಮಾತಿನೊಳಗೆ ಪರಸ್ಪರ ಸಂಬಂಧವಿಲ್ಲದ ಹಲವು ಕೊರತೆಗಳು ಸೇರಿಕೊಂಡಿರುತ್ತವೆ. ಸಹಕಾರಿ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ವರದಿ ಓದಲು ನಿಂತಾಗ ಧ್ವನಿ ನಡುಗುವುದು ಒಂದು ಕೊರತೆ. ಟೆಂಡರಿನಲ್ಲಿ ತನ್ನ ಚಾಲಿ (ಒಣಗಿಸಿ ಸುಲಿದ) ಅಡಿಕೆಗೆ ಪಕ್ಕದ ಗುಡ್ಡೆಗಿಂತ ಕಡಿಮೆ ದರ ಬಂದಿತೆಂದು ಸಿಟ್ಟಿನಿಂದ ಬಂದ ಸದಸ್ಯರ ಮುಂದೆ ತಾನೂ ಸಿಟ್ಟಾಗುವುದು ಮತ್ತೊಂದು. ತನಗಿಂತ ವಯಸ್ಸಿನಲ್ಲಿ ಹಿರಿಯರಾದ ಸಹೋದ್ಯೋಗಿಗೆ ತಪ್ಪನ್ನು ತೋರಿಸಲಾಗದೆ, ಆ ಕೆಲಸವನ್ನು ಸಂಜೆ ತಾನೇ ಕುಳಿತು ಮಾಡಿ ಮುಗಿಸುವುದು ಮೂರನೆಯದು. ಇದು ನೋಡಲು ಸಂವಹನದ ಸಮಸ್ಯೆಯಂತಿದ್ದರೂ ಮೂಲದಲ್ಲಿ ನಾಯಕತ್ವದ ಸಮಸ್ಯೆ. ಮೇಲಧಿಕಾರಿಗೆ ಕಳುಹಿಸಿದ ಟಿಪ್ಪಣಿಯಲ್ಲಿ ಬೇಕಾದ ಸಂಗತಿ ನಾಲ್ಕನೆಯ ಪುಟದಲ್ಲಿ ಅಡಗಿರುವುದು ಬೇರೆಯೇ ಬಗೆಯದು, ಅದಕ್ಕೆ ಭಾಷಣದ ತರಗತಿಯಿಂದ ಯಾವ ಪ್ರಯೋಜನವೂ ಆಗದು.

ನಮ್ಮ ಜಿಲ್ಲೆಯಲ್ಲಿ ಇದರ ಮೇಲೆ ಭಾಷೆಯ ಪದರವೊಂದು ಇದೆ. ಮನೆಯಲ್ಲಿ ಹವ್ಯಕ ಕನ್ನಡ, ಕೊಂಕಣಿ, ನವಾಯತಿ ಅಥವಾ ಹಾಲಕ್ಕಿ ಕನ್ನಡವನ್ನಾಡುವವರು ಕಚೇರಿಯಲ್ಲಿ ಶಿಷ್ಟ ಕನ್ನಡಕ್ಕೆ ಬರುತ್ತಾರೆ. ಕೈಗಾದಂತಹ ಅಣುಸ್ಥಾವರದಲ್ಲೋ ನೌಕಾನೆಲೆಯ ಗುತ್ತಿಗೆ ಕೆಲಸದಲ್ಲೋ ಇರುವವರು ಹೊರರಾಜ್ಯದವರೊಡನೆ ಹಿಂದಿ, ಇಂಗ್ಲಿಷುಗಳಲ್ಲಿ ವ್ಯವಹರಿಸಬೇಕು. ಹೀಗಾಗಿ ಇಂಗ್ಲಿಷ್ ಬಾರದ್ದನ್ನೇ ಸಂವಹನದ ಕೊರತೆಯೆಂದು ತಿಳಿದು ಸ್ಪೋಕನ್ ಇಂಗ್ಲಿಷ್ ತರಗತಿಗೆ ದುಡ್ಡು ಕಟ್ಟುವವರು ಬಹಳ. ಇಂಗ್ಲಿಷ್ ಅಗತ್ಯವಿದ್ದರೆ ಅದನ್ನು ಇಂಗ್ಲಿಷೆಂದೇ ಕಲಿಯಬೇಕು. ಕನ್ನಡದಲ್ಲಿಯೇ ‘ಆಗುವುದಿಲ್ಲ’ ಎಂದು ನಯವಾಗಿ ಹೇಳಲು ಬಾರದವರಿಗೆ ಇನ್ನೊಂದು ಭಾಷೆ ಆ ಧೈರ್ಯವನ್ನು ತಂದುಕೊಡುವುದಿಲ್ಲ.

ಆದ್ದರಿಂದ ಯಾವುದಕ್ಕೂ ಹೆಸರು ನೋಂದಾಯಿಸುವ ಮೊದಲು, ಎರಡು ವಾರಗಳ ಕಾಲ ಕೆಲಸದಲ್ಲಿ ಮಾತು ತಪ್ಪಿದ, ಮಾತನ್ನು ತಪ್ಪಿಸಿಕೊಂಡ, ಅಥವಾ ಆಡಿದ ಮಾತು ಬೇರೆಯಾಗಿ ಅರ್ಥವಾದ ಸಂದರ್ಭಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಬರೆದ ಪುಟವನ್ನು ತಿರುವಿದಾಗ ಹೆಚ್ಚಿನವು ಗುಂಪಿನ ಮುಂದೆಯೋ, ಒಬ್ಬರ ಮುಂದೆಯೋ, ಕಾಗದದ ಮೇಲೆಯೋ ಎಂಬುದು ತಾನಾಗಿ ಕಾಣುತ್ತದೆ. ಮುಂದಿನ ಹೋಲಿಕೆಯೆಲ್ಲ ಆ ಪುಟದ ಆಧಾರದ ಮೇಲೆ ನಿಲ್ಲುವಂಥದ್ದು.

ಆನ್‌ಲೈನ್ ಕೋರ್ಸುಗಳು

ಖರ್ಚು ಕಡಿಮೆ, ದೂರದ ಪ್ರಶ್ನೆಯಿಲ್ಲ ಎಂಬ ಕಾರಣಕ್ಕೆ ಹೆಚ್ಚಿನವರ ಮೊದಲ ಆಯ್ಕೆ ಇದು. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ, ಅದರಲ್ಲೂ ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ವಿಭಾಗದಲ್ಲಿ, ಸಂವಹನ, ಸಂಘಟನಾ ವರ್ತನೆ, ನಾಯಕತ್ವದ ಕೋರ್ಸುಗಳು ನಾಲ್ಕು, ಎಂಟು ಅಥವಾ ಹನ್ನೆರಡು ವಾರಗಳ ಅವಧಿಯಲ್ಲಿ ಸಿಗುತ್ತವೆ. ಹೆಸರು ನೋಂದಾಯಿಸಿ ಪಾಠ ಕೇಳುವುದು ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕಗಳ ಪಾಲಿರುತ್ತದೆ. ಕೇಂದ್ರ ಯಾವ ಊರಿನಲ್ಲಿದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಬೇಕು, ಕಾರವಾರದಿಂದ ಹುಬ್ಬಳ್ಳಿಗೆ ಹೋಗಿಬರುವುದೆಂದರೆ ಪೂರ್ತಿ ಒಂದು ದಿನದ ಕೆಲಸ. ಸರ್ಕಾರಿ ನೌಕರರಿಗೆ 2020ರಲ್ಲಿ ಮಂಜೂರಾದ ಮಿಷನ್ ಕರ್ಮಯೋಗಿ ತರಬೇತಿ ಯೋಜನೆಯ ಅಡಿಯ ಐಗಾಟ್ ಆನ್‌ಲೈನ್ ವೇದಿಕೆಯೂ ಇದೆ. ಅಲ್ಲಿ ಚಿಕ್ಕ ಚಿಕ್ಕ ಪಾಠಗಳು, ಮೊಬೈಲಿನಲ್ಲೇ ಮುಗಿಯುವಂಥವು.

ಇವುಗಳ ನಿಜವಾದ ಲಾಭ ವಿಷಯಕ್ಕೊಂದು ಚೌಕಟ್ಟು ಸಿಗುವುದು. ಉದಾಹರಣೆಗೆ ಸಹೋದ್ಯೋಗಿಯ ತಪ್ಪನ್ನು ಹೇಳುವಾಗ, ಯಾವ ಸಂದರ್ಭದಲ್ಲಿ, ಏನು ಮಾಡಿದಿರಿ, ಅದರಿಂದ ಏನಾಯಿತು ಎಂಬ ಕ್ರಮದಲ್ಲಿ ಹೇಳಬೇಕೆಂಬ ಸೂತ್ರವೊಂದು ಇಂಥ ಪಾಠಗಳಲ್ಲಿ ಬರುತ್ತದೆ. ‘ನೀವು ಯಾವಾಗಲೂ ಹೀಗೇ’ ಎಂದು ಶುರುಮಾಡುವವರಿಗೆ ಇದೊಂದು ಸೂತ್ರವೇ ಕೋರ್ಸಿನ ಬೆಲೆಯನ್ನು ತೀರಿಸುತ್ತದೆ. ಆದರೆ ಮೇಲಿನ ಮೂರು ಪ್ರಶ್ನೆಗಳನ್ನು ಇಲ್ಲಿ ಕೇಳಿದರೆ ಸಿಗುವ ಉತ್ತರ ನಿರಾಶೆಯದು. ಬಾಯಿ ತೆರೆಯುವ ಪ್ರಸಂಗವೇ ಇಲ್ಲ, ಎದುರುತ್ತರವಿಲ್ಲ, ಹೊಣೆಯಂತೂ ಇಲ್ಲವೇ ಇಲ್ಲ. ಅಡಿಕೆ ಸುಲಿಯುವುದನ್ನು ಎಷ್ಟು ಹೊತ್ತು ನೋಡಿದರೂ ಮೆಟ್ಟುಗತ್ತಿಯ ಮುಂದೆ ಕೂರುವ ತನಕ ಕೈಗೆ ಅದು ಬರುವುದಿಲ್ಲ. ಬರವಣಿಗೆಯ ಕೊರತೆಯಿರುವವರಿಗೆ ಮಾತ್ರ ಆನ್‌ಲೈನ್ ಕೋರ್ಸು ಬೇರೆಲ್ಲ ಆಯ್ಕೆಗಳಿಗಿಂತ ಚೆನ್ನಾಗಿ ಒದಗುತ್ತದೆ. ಬರೆಯುವುದು ಒಬ್ಬರೇ ಕುಳಿತು ಮಾಡಬಹುದಾದ ಅಭ್ಯಾಸ.

ಎರಡು ದಿನದ ತರಬೇತಿ, ವಸತಿ ಶಿಬಿರ, ದೂರಶಿಕ್ಷಣ

ಸಂಸ್ಥೆಯೇ ಕಳುಹಿಸುವ ತರಬೇತಿಗಳಲ್ಲಿ ಆಯ್ಕೆ ಉದ್ಯೋಗಿಯ ಕೈಯಲ್ಲಿರುವುದಿಲ್ಲ, ಆದರೂ ಕೇಳಿ ಪಡೆಯುವುದಕ್ಕೆ ಅವಕಾಶವಿರುತ್ತದೆ. ಸರ್ಕಾರಿ ನೌಕರರಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಮತ್ತು ಜಿಲ್ಲಾ ತರಬೇತಿ ಸಂಸ್ಥೆ, ಪಂಚಾಯತ್ ವ್ಯವಸ್ಥೆಯಲ್ಲಿರುವವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ, ಸಹಕಾರಿ ಸಂಘಗಳ ಅಧಿಕಾರಿಗಳಿಗೆ ಪುಣೆಯ ವೈಕುಂಠ ಮೆಹ್ತಾ ಸಹಕಾರಿ ನಿರ್ವಹಣಾ ಸಂಸ್ಥೆ ಇವೆ. ಮನೆ ಮತ್ತು ಕಚೇರಿಯಿಂದ ದೂರವಿದ್ದು ಬೇರೆ ಜಿಲ್ಲೆಯವರೊಡನೆ ಬೆರೆಯುವುದರಲ್ಲಿ ತರಗತಿಯ ಪಾಠಕ್ಕಿಂತ ಹೆಚ್ಚಿನ ಕಲಿಕೆಯಿದೆ. ತನ್ನ ಸಂಘದಲ್ಲಿ ಮಾತ್ರವೇ ಇದೆಯೆಂದು ತಿಳಿದಿದ್ದ ಜಗಳ ಎಲ್ಲ ಕಡೆ ಇದೆಯೆಂದು ತಿಳಿದಾಗ ಅದನ್ನು ಶಾಂತವಾಗಿ ನೋಡಲು ಸಾಧ್ಯವಾಗುತ್ತದೆ.

ಸಮಸ್ಯೆಯಿರುವುದು ಖಾಸಗಿಯವರು ಹೋಟೆಲಿನ ಸಭಾಂಗಣದಲ್ಲಿ ನಡೆಸುವ ಒಂದೆರಡು ದಿನಗಳ ‘ವ್ಯಕ್ತಿತ್ವ ವಿಕಸನ’ದ ಕಾರ್ಯಕ್ರಮಗಳಲ್ಲಿ. ಆಟ, ಚಪ್ಪಾಳೆ, ಕಣ್ಣು ತುಂಬಿಸುವ ಕಥೆ ಎಲ್ಲವೂ ಇರುತ್ತವೆ. ಕೊನೆಯಲ್ಲಿ ಕೊಡುವ ಅಭಿಪ್ರಾಯದ ಹಾಳೆಯಲ್ಲಿ ಎಲ್ಲರೂ ‘ಅತ್ಯುತ್ತಮ’ ಎಂದೇ ಬರೆಯುತ್ತಾರೆ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿಯೇ ತರಬೇತಿಯ ಫಲವನ್ನು ನಾಲ್ಕು ಹಂತಗಳಲ್ಲಿ ನೋಡಬೇಕೆಂದು ಬರೆದಿದ್ದರು: ಬಂದವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ನಡೆ ಬದಲಾಯಿತೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ. ಹಾಳೆಯಲ್ಲಿನ ‘ಅತ್ಯುತ್ತಮ’ ಮೊದಲ ಹಂತಕ್ಕಷ್ಟೇ ಸಾಕ್ಷಿ. ಸಂಸ್ಥೆಯ ಪರವಾಗಿ ತರಬೇತುದಾರರನ್ನು ಆರಿಸುವ ಹೊಣೆ ನಿಮ್ಮದಾಗಿದ್ದರೆ ಮೂರು ತಿಂಗಳ ನಂತರ ಮತ್ತೆ ಅರ್ಧ ದಿನ ಬರುತ್ತೀರಾ ಎಂದು ಕೇಳಿ ನೋಡಬಹುದು. ಆ ಪ್ರಶ್ನೆಗೆ ತಕ್ಷಣ ಒಪ್ಪುವವರು ಬೇರೆ, ದರ ಹೇಳುವವರು ಬೇರೆ, ಮಾತು ಬದಲಿಸುವವರು ಬೇರೆ.

ಇಗ್ನೋ ಅಥವಾ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಎಂಬಿಎಯಂತಹ ದೂರಶಿಕ್ಷಣದ ಪದವಿಗಳನ್ನು ಈ ಹೋಲಿಕೆಯಲ್ಲಿ ಹೆಚ್ಚು ಚರ್ಚಿಸುವ ಅಗತ್ಯವಿಲ್ಲ. ಬಡ್ತಿಯ ನಿಯಮದಲ್ಲಿ ಪದವಿ ಬೇಕೆಂದಿದ್ದರೆ ಮಾಡಲೇಬೇಕು, ಮಾತು ಕಲಿಯುವುದಕ್ಕಾಗಿ ಮಾಡಬೇಕಾಗಿಲ್ಲ.

ಟೋಸ್ಟ್‌ಮಾಸ್ಟರ್ಸ್

ಗುಂಪಿನ ಮುಂದೆ ಮಾತನಾಡುವ ಅಳುಕನ್ನು ಕಳೆಯುವುದಕ್ಕೆಂದೇ ರೂಪುಗೊಂಡ ವ್ಯವಸ್ಥೆ ಇದು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಕ್ಲಬ್ಬುಗಳ ನಡೆ ಇಂದಿಗೂ ಬಹುಮಟ್ಟಿಗೆ ಒಂದೇ ಬಗೆಯದು. ಸಿದ್ಧಪಡಿಸಿಕೊಂಡು ಬಂದ ಐದಾರು ನಿಮಿಷಗಳ ಭಾಷಣ, ಕೊಟ್ಟ ವಿಷಯದ ಮೇಲೆ ತಟ್ಟನೆ ಎದ್ದು ಒಂದೆರಡು ನಿಮಿಷ ಆಡುವ ಮಾತು, ಆಮೇಲೆ ಭಾಷಣದ ಬಗ್ಗೆ ಎರಡು ಮೂರು ನಿಮಿಷಗಳ ವಿಮರ್ಶೆ. ಸಮಯ ಮೀರುತ್ತಿದೆಯೆಂದು ತಿಳಿಸಲು ಹಸಿರು, ಹಳದಿ, ಕೆಂಪು ಗುರುತುಗಳು. ‘ಆಂ’, ‘ಅದೇನಂದ್ರೆ’ಗಳನ್ನು ಎಣಿಸುವವರು ಒಬ್ಬರು. ನಮ್ಮಲ್ಲಿ ಸಭೆಯೆಂದರೆ ನಿಗದಿತ ಸಮಯಕ್ಕೆ ಶುರುವಾಗದ, ಶುರುವಾದರೆ ಮುಗಿಯದ ಕಾರ್ಯಕ್ರಮವೆಂದೇ ರೂಢಿಯಾಗಿರುವಾಗ, ಆ ಕೆಂಪು ಗುರುತಿನ ಶಿಸ್ತೊಂದಕ್ಕಾಗಿಯಾದರೂ ಒಮ್ಮೆ ಹೋಗಿ ಕುಳಿತು ನೋಡತಕ್ಕದ್ದು. ಅತಿಥಿಗಳಾಗಿ ಬಂದು ನೋಡುವುದಕ್ಕೆ ಕ್ಲಬ್ಬುಗಳು ಸಾಮಾನ್ಯವಾಗಿ ಅವಕಾಶ ಕೊಡುತ್ತವೆ.

ಇಲ್ಲಿನ ವಿಶೇಷ ವಿಮರ್ಶೆಯಲ್ಲಿದೆ. ಮಾತನಾಡಿದವರಿಗಿಂತ ವಿಮರ್ಶಿಸಿದವರು ಹೆಚ್ಚು ಕಲಿಯುತ್ತಾರೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು; ಎದುರಿಗಿರುವವರ ಮನಸ್ಸು ಕುಗ್ಗದಂತೆ, ಆದರೆ ತಪ್ಪು ಮರೆಯಾಗದಂತೆ ಹೇಳುವ ಅಭ್ಯಾಸ ಅದು, ಕಚೇರಿಯಲ್ಲಿ ನಿತ್ಯ ಬೇಕಾಗುವಂಥದ್ದು. ಅನನುಕೂಲಗಳೂ ಇವೆ. ಹೆಚ್ಚಿನ ಕ್ಲಬ್ಬುಗಳ ವ್ಯವಹಾರ ಇಂಗ್ಲಿಷಿನಲ್ಲಿ. ಚಂದಾ ಆರು ತಿಂಗಳಿಗೊಮ್ಮೆ, ಅದೂ ಡಾಲರಿನ ಲೆಕ್ಕದಲ್ಲಿ ನಿಗದಿಯಾದದ್ದು. ಹೊಸ ಕ್ಲಬ್ ಕಟ್ಟುವುದಾದರೆ ಕನಿಷ್ಠ 20 ಸದಸ್ಯರು ಬೇಕು. ಒಂದು ದೊಡ್ಡ ಕಾರ್ಖಾನೆಗೋ ಸ್ಥಾವರದ ವಸತಿ ಕಾಲೊನಿಗೋ ಈ ಸಂಖ್ಯೆ ದೊಡ್ಡದಲ್ಲ, ತಾಲೂಕಿನ ಪೇಟೆಗೆ ದೊಡ್ಡದು. ಹತ್ತಿರದಲ್ಲಿ ಕ್ಲಬ್ ಇಲ್ಲದವರು ಆನ್‌ಲೈನಿನಲ್ಲಿ ನಡೆಯುವ ಕ್ಲಬ್ಬನ್ನು ಸೇರಬಹುದು. ಮನೆಯಿಂದಲೇ ಕೆಲಸ ಮಾಡುತ್ತ ಬೆಂಗಳೂರಿನ ತಂಡದೊಡನೆ ದಿನವೂ ಪರದೆಯ ಮೇಲೆ ಮಾತನಾಡುವ ಶಿರಸಿ, ಸಿದ್ದಾಪುರದ ಸಾಫ್ಟ್‌ವೇರ್ ಉದ್ಯೋಗಿಗಳಿಗೆ ಅದು ಇನ್ನೂ ಸೂಕ್ತ, ಏಕೆಂದರೆ ಅವರ ಕೆಲಸದ ಸಭೆಯೂ ಅದೇ ಪರದೆಯ ಮೇಲೆ ನಡೆಯುವಂಥದ್ದು.

ಜೇಸಿ, ರೋಟರಿ, ಲಯನ್ಸ್

ಭಾಷಣ ಕಲಿಯಲು ಯುವಜನರ ಸಂಘಟನೆಯಾದ ಜೇಸಿಗೆ (ಜೂನಿಯರ್ ಚೇಂಬರ್) ಸೇರಿದೆವೆಂದು ಹೇಳುವ ಹಿರಿಯರು ಕರಾವಳಿಯಲ್ಲೂ ಘಟ್ಟದ ಮೇಲೂ ಸಾಕಷ್ಟು ಸಿಗುತ್ತಾರೆ. ಸದಸ್ಯತ್ವ 18ರಿಂದ 40 ವರ್ಷದವರಿಗೆ; ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ; ತರಬೇತಿ ಅದರ ಚಟುವಟಿಕೆಗಳಲ್ಲಿ ಮುಖ್ಯವಾದದ್ದು. ನಲವತ್ತು ದಾಟಿದವರಿಗೆ ರೋಟರಿ, ಲಯನ್ಸ್ ಇವೆ, ಅವುಗಳ ವರ್ಷ ಜುಲೈಯಲ್ಲಿ ಆರಂಭ. ಟೋಸ್ಟ್‌ಮಾಸ್ಟರ್ಸಿಗೆ ಹೋಲಿಸಿದರೆ ಇಲ್ಲಿ ಮಾತಿನ ವಿಮರ್ಶೆ ಕಡಿಮೆ, ಹೊಗಳಿಕೆ ಹೆಚ್ಚು, ಶಾಲು ಹೊದಿಸುವುದು ಇನ್ನೂ ಹೆಚ್ಚು. ಆದರೆ ಹೊಣೆ ನಿಜವಾದದ್ದು. ರಕ್ತದಾನ ಶಿಬಿರದ ಸಂಚಾಲಕರಾದವರು ವೈದ್ಯರನ್ನು ಒಪ್ಪಿಸಬೇಕು, ಶಾಲೆಯ ಕಟ್ಟಡ ಕೇಳಬೇಕು, ಬರುತ್ತೇನೆಂದು ಹೇಳಿ ಬಾರದ ಸದಸ್ಯರ ಮೇಲೆ ಸಿಟ್ಟಾಗದೆ ಮುಂದಿನ ತಿಂಗಳು ಅವರಿಂದಲೇ ಕೆಲಸ ಮಾಡಿಸಬೇಕು. ಸಂಬಳದ ಹಂಗಿಲ್ಲದ, ‘ಇಲ್ಲ’ ಎಂದರೆ ಏನೂ ಮಾಡಲಾಗದ ಜನರನ್ನು ಒಂದು ಕೆಲಸಕ್ಕೆ ಒಗ್ಗೂಡಿಸುವುದಕ್ಕಿಂತ ಕಠಿಣವಾದ ನಾಯಕತ್ವದ ಪಾಠ ಬೇರೊಂದಿಲ್ಲ. ಅದನ್ನು ಕಲಿತವರಿಗೆ ಸಂಬಳ ಪಡೆಯುವ ತಂಡವನ್ನು ನಡೆಸುವುದು ಸುಲಭವೆನಿಸುತ್ತದೆ.

ಹಾಗಾಗಿ ಇವುಗಳಿಗೆ ಸೇರುವುದಾದರೆ ಕಾರ್ಯದರ್ಶಿಯ ಹುದ್ದೆಯನ್ನು ಕೇಳಿ ಪಡೆಯಬೇಕು. ಅಧ್ಯಕ್ಷರಿಗೆ ವೇದಿಕೆ ಸಿಗುತ್ತದೆ; ನಡಾವಳಿ ಬರೆಯುವುದು, ನೆನಪಿಸುವುದು, ಒಪ್ಪಿಸುವುದು, ಲೆಕ್ಕ ಕೊಡುವುದು ಕಾರ್ಯದರ್ಶಿಗೆ ಸಿಗುತ್ತವೆ. ಸ್ವಸಹಾಯ ಸಂಘಗಳಲ್ಲಿ ಹಲವು ಮಹಿಳೆಯರು ಯಾವ ತರಗತಿಗೂ ಹೋಗದೆ ಇದನ್ನೆಲ್ಲ ಕಲಿತಿದ್ದಾರೆ. ಉದ್ಯೋಗಸ್ಥ ಮಹಿಳೆಯರಿಗೆ ಕ್ಲಬ್ಬುಗಳ ನಿಜವಾದ ತೊಡಕು ಸಮಯದ್ದು. ಸಭೆಗಳು ಸಂಜೆ ಏಳರ ನಂತರ, ಊಟದೊಂದಿಗೆ. ಊರಿಗೆ ಹೋಗುವ ಕೊನೆಯ ಬಸ್ಸು ಅದಕ್ಕೆ ಮೊದಲೇ ಹೊರಟಿರುತ್ತದೆ. ಸಭೆಯನ್ನು ಭಾನುವಾರ ಬೆಳಿಗ್ಗೆ ನಡೆಸುವ ಘಟಕವೋ ಅಲ್ಲವೋ ಎಂಬುದನ್ನು ಸದಸ್ಯತ್ವದ ಫಾರ್ಮು ತುಂಬುವ ಮೊದಲು ವಿಚಾರಿಸಬೇಕು.

ತಾಳಮದ್ದಲೆಯನ್ನು ಈ ಪಟ್ಟಿಗೆ ಸೇರಿಸುವುದೇಕೆ

ಉದ್ಯೋಗ ಕೌಶಲದ ಚರ್ಚೆಯಲ್ಲಿ ತಾಳಮದ್ದಲೆ ಏಕೆಂದು ಕೆಲವರಿಗೆ ಅನಿಸಬಹುದು. ಯಕ್ಷಗಾನದ ಮಾತಿನ ರೂಪ ಇದು: ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆಯಾ ಪಾತ್ರವಾಗಿ ಆ ಪದ್ಯವನ್ನು ಆಶುವಾಗಿ ಮಾತಿನಲ್ಲಿ ವಿಸ್ತರಿಸುತ್ತಾರೆ. ಬರೆದಿಟ್ಟ ಸಂಭಾಷಣೆಯಿಲ್ಲದ ಕಾರಣ ಎದುರಾಳಿ ಏನು ಕೇಳುತ್ತಾರೆಂಬುದು ಮೊದಲೇ ಗೊತ್ತಿರುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆಂದು ವಾಲಿ ಕೇಳಿದರೆ ರಾಮನ ಅರ್ಥ ಹೇಳುವವರು ಅದೇ ಪ್ರಶ್ನೆಗೆ ಉತ್ತರಿಸಬೇಕು. ಬೇರೆ ಯಾವುದೋ ಸಿದ್ಧ ಭಾಷಣ ಒಪ್ಪಿಸಿದರೆ ಸಭೆ ಅದನ್ನು ತಕ್ಷಣ ಗುರುತಿಸುತ್ತದೆ. ಸಂಧಾನಕ್ಕೆ ಬಂದ ಕೃಷ್ಣನು ಒಪ್ಪಂದ ಮುರಿಯುವುದೆಂದು ತಿಳಿದಿದ್ದರೂ ಕೊನೆಯ ತನಕ ಮಾತಿನ ಬಾಗಿಲು ತೆರೆದಿಡಬೇಕು. ಕೇಳಿಸಿಕೊಳ್ಳುವುದು, ಎದುರಿನವರ ವಾದವನ್ನು ಅವರದೇ ಶಬ್ದಗಳಲ್ಲಿ ಎತ್ತಿಕೊಂಡು ಉತ್ತರಿಸುವುದು, ಹೊತ್ತನ್ನು ನೋಡಿ ಮುಗಿಸುವುದು, ಇವೆಲ್ಲವೂ ನಿರ್ವಹಣಾ ಶಾಲೆಗಳು ಸಾವಿರಾರು ರೂಪಾಯಿ ಪಡೆದು ಕಲಿಸುವ ಸಂಗತಿಗಳೇ. ಇಲ್ಲಿ ಅವು ಕನ್ನಡದಲ್ಲಿ, ಊರಿನ ಗುಡಿಯ ಜಗುಲಿಯಲ್ಲಿ, ಖರ್ಚಿಲ್ಲದೆ ಸಿಗುತ್ತವೆ. ಅದೂ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ, ಬೇರೆ ಊರಿನ ತರಬೇತಿಗೆ ಹೋಗಲು ಘಟ್ಟದ ರಸ್ತೆ ಬಿಡದ ದಿನಗಳಲ್ಲಿ.

ಹವ್ಯಾಸಿ ಕೂಟವೊಂದರಲ್ಲಿ ಸಣ್ಣ ಪಾತ್ರದಿಂದ ಆರಂಭಿಸಿದವರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಚೇರಿಯ ಸಭೆಯಲ್ಲಿ ಚೀಟಿ ನೋಡದೆ ಮಾತನಾಡುವುದನ್ನು ಕಾಣಬಹುದು. ಆದರೂ ಇದನ್ನು ಶಿಫಾರಸು ಮಾಡುವಾಗ ಒಂದು ಎಚ್ಚರಿಕೆ ಅಗತ್ಯ. ತಾಳಮದ್ದಲೆ ಕಲಿಸುವುದು ವಾದವನ್ನು, ವಾದದಲ್ಲಿ ಗೆಲ್ಲುವುದೇ ರಸ. ಕಚೇರಿಯಲ್ಲಿ ಸಹೋದ್ಯೋಗಿಯನ್ನು ಮಾತಿನಲ್ಲಿ ಕಟ್ಟಿಹಾಕಿದವರು ಆ ದಿನ ಗೆದ್ದು ಆ ವರ್ಷ ಸೋಲುತ್ತಾರೆ. ಸಭೆಯಲ್ಲಿ ಬಾಯೇ ಬಾರದವರಿಗೆ ತಾಳಮದ್ದಲೆ ಅಮೂಲ್ಯ, ಈಗಾಗಲೇ ಮಾತಿನಲ್ಲಿ ಜೋರಾಗಿರುವವರಿಗೆ ಅಷ್ಟೇನೂ ಹಿತವಲ್ಲ. ಧ್ವನಿ ಮತ್ತು ಉಚ್ಚಾರದ ಸಮಸ್ಯೆ ಮಾತ್ರ ಇರುವವರಿಗೆ ಹವ್ಯಾಸಿ ರಂಗತಂಡಗಳೂ ಸಾಕು. 1949ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆ ಶಿರಸಿ, ಸಿದ್ದಾಪುರದವರಿಗೆ ದೂರವೇನಲ್ಲ, ಅಲ್ಲಿ ಕಲಿತವರು ನಮ್ಮ ಜಿಲ್ಲೆಯ ಶಾಲೆ ಕಾಲೇಜುಗಳಲ್ಲಿ ನಾಟಕ ಆಡಿಸುವುದೂ ಉಂಟು.

ಕೆಲಸದ ಜಾಗವೇ ಪಾಠಶಾಲೆಯಾಗುವುದಾದರೆ

ಕಲಿಕೆಯ ಶೇ. 70ರಷ್ಟು ಕೆಲಸದ ಅನುಭವದಿಂದ, ಶೇ. 20ರಷ್ಟು ಇತರರಿಂದ, ಶೇ. 10ರಷ್ಟು ತರಗತಿಯಿಂದ ಬರುತ್ತದೆಂಬ ಹೇಳಿಕೆಯೊಂದು ತರಬೇತಿ ಲೋಕದಲ್ಲಿ ಬಹಳ ಓಡಾಡುತ್ತಿದೆ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್‌ನ ಸಂಶೋಧಕರ ಕೆಲಸದಿಂದ 1980ರ ದಶಕದಲ್ಲಿ ಹೊರಟ ಈ ಅಂಕಿಗಳನ್ನು ತಕ್ಕಡಿಯಲ್ಲಿ ತೂಗಿದ ಲೆಕ್ಕವೆಂದು ಯಾರೂ ನಂಬಬೇಕಾಗಿಲ್ಲ. ಅದು ಕೈತೋರಿಸುವ ದಿಕ್ಕು ಮಾತ್ರ ಸರಿ. ಮೇಲಿನ ಎಲ್ಲ ಆಯ್ಕೆಗಳಲ್ಲೂ ಕೇಳುಗರು ನಮ್ಮ ಕೆಲಸಕ್ಕೆ ಹೊರಗಿನವರು. ಕಚೇರಿಯ ಒಳಗಿನ ಅಭ್ಯಾಸದಲ್ಲಿ ಕೇಳುಗರೂ ನಿಜ, ಪರಿಣಾಮವೂ ನಿಜ, ಹೀಗಾಗಿ ಅಪಾಯವೂ ನಿಜ. ಅದಕ್ಕೇ ಇದನ್ನು ಎಲ್ಲರೂ ಹೊಗಳುತ್ತಾರೆ, ಬಹಳ ಮಂದಿ ತಪ್ಪಿಸಿಕೊಳ್ಳುತ್ತಾರೆ.

ಮಾಡಬಹುದಾದ ಕೆಲಸಗಳು ಚಿಕ್ಕವೇ. ವಾರದ ಸಭೆಯನ್ನು ನಡೆಸುವ ಸರದಿಯನ್ನು ಕೇಳಿ ಪಡೆಯುವುದು. ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡುವ ಹೊಣೆಯನ್ನು ಹೊರುವುದು. ಗೊತ್ತಿದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದು ಎಷ್ಟು ಕಷ್ಟವೆಂಬುದು ಆಗ ಮನವರಿಕೆಯಾಗುತ್ತದೆ. ಎರಡು ವಿಭಾಗಗಳ ನಡುವೆ ಯಾರೂ ಮುಟ್ಟದೆ ಬಿದ್ದಿರುವ ಸಮಸ್ಯೆಯೊಂದನ್ನು ಎತ್ತಿಕೊಂಡು ಮುಗಿಸುವುದು. ಸಹಕಾರಿ ಸಂಘಗಳಲ್ಲಿ ಇರುವವರಿಗಂತೂ ಇಂಥ ಅವಕಾಶಕ್ಕೆ ಕೊರತೆಯಿಲ್ಲ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಿಂದ ಹಿಡಿದು ಹಳ್ಳಿಯ ಸೇವಾ ಸಹಕಾರಿ ಸಂಘಗಳ ತನಕ ಎಲ್ಲೆಡೆ ಸದಸ್ಯರೇ ಮಾಲೀಕರು. ನೌಕರರು ಗ್ರಾಹಕರೂ ಯಜಮಾನರೂ ಆದ ಅದೇ ವ್ಯಕ್ತಿಗೆ ಉತ್ತರ ಹೇಳಬೇಕಾಗುತ್ತದೆ. ಸಪ್ಟೆಂಬರಿನ ಹೊತ್ತಿಗೆ ನಡೆಯುವ ವಾರ್ಷಿಕ ಸಭೆಯಲ್ಲಿ ಏಳಬಹುದಾದ ಪ್ರಶ್ನೆಗಳನ್ನು ಒಂದು ತಿಂಗಳು ಮೊದಲೇ ಪಟ್ಟಿಮಾಡಿ, ಸಿಬ್ಬಂದಿಯಲ್ಲಿ ಒಬ್ಬರು ಸಿಟ್ಟಾದ ಸದಸ್ಯರಂತೆ ಕೇಳುವುದು, ಇನ್ನೊಬ್ಬರು ಉತ್ತರಿಸುವುದು, ಉಳಿದವರು ಆ ಉತ್ತರ ತಮಗೆ ಒಪ್ಪಿಗೆಯಾಯಿತೇ ಎಂದು ಹೇಳುವುದು: ಇಷ್ಟು ಮಾಡಿದರೆ ಹೊರಗಿನ ತರಬೇತುದಾರರ ಅರ್ಧ ಕೆಲಸ ಖರ್ಚಿಲ್ಲದೆ ಮುಗಿದಂತೆ.

ತಾಂತ್ರಿಕ ಕೆಲಸದಲ್ಲಿರುವವರ ಅಗತ್ಯ ಬೇರೆ. ಅಲ್ಲಿ ಚೆಂದದ ಮಾತಿಗಿಂತ ತಪ್ಪಿಲ್ಲದ ಮಾತು ಮುಖ್ಯ. ಅಣುಸ್ಥಾವರಗಳಲ್ಲೂ ಹಡಗುಗಳಲ್ಲೂ ಆದೇಶ ಕೊಟ್ಟವರ ಮಾತನ್ನು ಕೇಳಿದವರು ತಮ್ಮ ಬಾಯಿಂದ ತಿರುಗಿ ಹೇಳುತ್ತಾರೆ, ಕೊಟ್ಟವರು ಅದು ಸರಿಯೆಂದು ಹೇಳಿದ ಮೇಲೆ ಮಾತ್ರ ಕವಾಟವನ್ನೋ ಸ್ವಿಚ್ಚನ್ನೋ ಮುಟ್ಟಲಾಗುತ್ತದೆ. ಈ ಮೂರು ಹೆಜ್ಜೆಯ ಕ್ರಮವನ್ನು ಆಸ್ಪತ್ರೆಯ ಪಾಳಿ ಬದಲಾವಣೆಯಲ್ಲಿ, ಬಂದರಿನ ಸರಕು ಇಳಿಸುವಲ್ಲಿ, ಗೋಕರ್ಣ, ಮುರ್ಡೇಶ್ವರಗಳ ವಸತಿಗೃಹಗಳ ಸ್ವಾಗತ ಕೌಂಟರಿನಲ್ಲಿ ಕೂಡ ಬಳಸಬಹುದು. ಪಾಳಿ ಮುಗಿಸಿ ಹೋಗುವವರು ‘ಎಲ್ಲ ಸರಿ ಇದೆ’ ಎಂದು ಹೇಳಿ ಬೈಕ್ ಹತ್ತುವ ಕಡೆಗಳಲ್ಲಿ, ಯಾವುದು ಬಾಕಿ, ಯಾವುದು ಅನುಮಾನ, ಯಾರಿಗೆ ತಿಳಿಸಿದೆ ಎಂಬ ಮೂರು ಸಾಲುಗಳ ಚೀಟಿಯನ್ನು ಜಾರಿಗೆ ತಂದ ಮೇಲ್ವಿಚಾರಕರು ಯಾವ ಭಾಷಣ ಮಾಡದಿದ್ದರೂ ನಾಯಕರೇ.

ಈ ದಾರಿಯ ದೊಡ್ಡ ಕೊರತೆ ವಿಮರ್ಶೆಯದು. ಮೇಲಿನವರು ಹೇಳುವುದಿಲ್ಲ, ಕೆಳಗಿನವರು ಹೇಳಲಾರರು. ಆದ್ದರಿಂದ ಹಿರಿಯ ಸಹೋದ್ಯೋಗಿಯೊಬ್ಬರನ್ನು, ಸಾಧ್ಯವಾದರೆ ತನ್ನ ಕಾರ್ಯನಿರ್ವಹಣೆಯ ವರದಿ ಬರೆಯದ ಬೇರೆ ವಿಭಾಗದವರನ್ನು, ಮಾರ್ಗದರ್ಶಕರಾಗಿ ಕೇಳಿಕೊಳ್ಳಬೇಕು. ‘ಸರ್, ನಾನು ಹೇಗೆ ಮಾತನಾಡುತ್ತೇನೆ?’ ಎಂದು ಕೇಳಿದರೆ ಸಂಕೋಚದಿಂದ ‘ಚೆನ್ನಾಗಿಯೇ ಮಾತಾಡ್ತೀರಿ’ ಎಂಬ ಉತ್ತರ ಮಾತ್ರ ಬರುತ್ತದೆ. ‘ನಿನ್ನೆಯ ಸಭೆಯಲ್ಲಿ ಯಾವ ಜಾಗದಲ್ಲಿ ನನ್ನ ಮಾತು ನಿಮಗೆ ತಿಳಿಯಲಿಲ್ಲ?’ ಎಂದು ಕೇಳಿದರೆ ಉಪಯುಕ್ತವಾದ ಉತ್ತರ ಸಿಗುತ್ತದೆ. ನಮ್ಮ ಕಡೆಯ ಹಿರಿಯರು ಕೇಳದೆ ತಪ್ಪು ಹೇಳುವುದನ್ನು ಒರಟುತನವೆಂದು ಭಾವಿಸುತ್ತಾರೆ, ಹೀಗಾಗಿ ಕೇಳುವ ಕೆಲಸ ಕಿರಿಯರ ಮೇಲೆಯೇ ಬೀಳುತ್ತದೆ.

ಯಾರಿಗೆ ಯಾವುದು

ಗುಂಪಿನ ಮುಂದಿನ ಅಳುಕು ಎರಡು ವಾರ ಬರೆದಿಟ್ಟ ನಿಮ್ಮ ಪುಟದಲ್ಲಿ ಹೆಚ್ಚಾಗಿದ್ದು, ಇಂಗ್ಲಿಷಿನಲ್ಲಿ ಮಾತನಾಡುವ ಕೆಲಸವಾಗಿದ್ದರೆ ಟೋಸ್ಟ್‌ಮಾಸ್ಟರ್ಸ್. ಕನ್ನಡದಲ್ಲಾದರೆ ನಲವತ್ತರ ಒಳಗಿನವರಿಗೆ ಜೇಸಿ, ಯಾವ ವಯಸ್ಸಿನವರಿಗಾದರೂ ತಾಳಮದ್ದಲೆ. ಬರವಣಿಗೆ ಸಾಲದಿದ್ದರೆ ಸ್ವಯಂನ ಕೋರ್ಸು. ಒಬ್ಬರೊಡನೆ ಕಠಿಣ ಮಾತನಾಡಲು ಬಾರದವರಿಗೆ ಯಾವ ಕ್ಲಬ್ಬೂ ಒದಗುವುದಿಲ್ಲ. ಅವರಿಗೆ ಮಾರ್ಗದರ್ಶಕರು ಮತ್ತು ಒಂದು ಚಿಕ್ಕ ಕೋರ್ಸಿನ ಚೌಕಟ್ಟು ಸೇರಿ ಕೆಲಸ ಮಾಡುತ್ತವೆ. ತಂಡ ನಡೆಸುವುದು ಕಷ್ಟವಾಗಿರುವವರು ಮೊದಲು ಸಂಬಳವಿಲ್ಲದ ಕಾರ್ಯದರ್ಶಿತ್ವ ಒಂದನ್ನು ಹೊತ್ತು ನೋಡಲಿ. ಎಲ್ಲವನ್ನೂ ಒಟ್ಟಿಗೆ ಹಿಡಿದವರು ಸಾಮಾನ್ಯವಾಗಿ ಮೂರನೆಯ ವಾರಕ್ಕೆ ಎಲ್ಲವನ್ನೂ ಬಿಟ್ಟಿರುತ್ತಾರೆ.

ದೂರದ ಲೆಕ್ಕವನ್ನು ಹಗುರವಾಗಿ ನೋಡಬಾರದು. ಕಾರವಾರ ಮತ್ತು ಶಿರಸಿ ಒಂದೇ ಜಿಲ್ಲೆಯಲ್ಲಿದ್ದರೂ ನಡುವೆ ನೂರು ಕಿಲೋಮೀಟರಿಗೂ ಮೀರಿದ ದಾರಿ ಮತ್ತು ಘಟ್ಟವಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡಾಗ ಕರಾವಳಿಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ವಾರಕ್ಕೊಮ್ಮೆ ಬೇರೆ ಊರಿಗೆ ಹೋಗಬೇಕಾದ ಯಾವ ಆಯ್ಕೆಯೂ ಜೂನಿನಿಂದ ಸಪ್ಟೆಂಬರಿನ ತನಕ ನಿಲ್ಲುವುದೆಂದು ತಿಳಿದುಕೊಂಡೇ ಯೋಜಿಸಬೇಕು. ನಾಲ್ಕು ತಿಂಗಳು ನಿಂತ ಅಭ್ಯಾಸ ಅಕ್ಟೋಬರಿನಲ್ಲಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹೀಗಾಗಿ ಊರಿನಲ್ಲೇ ಇರುವ ಎರಡನೆಯ ದರ್ಜೆಯ ಆಯ್ಕೆ ಹುಬ್ಬಳ್ಳಿಯಲ್ಲಿರುವ ಮೊದಲ ದರ್ಜೆಯದಕ್ಕಿಂತ ಹೆಚ್ಚಿನವರಿಗೆ ಹೆಚ್ಚು ಫಲ ಕೊಡುತ್ತದೆ. ದೂರದ ವಸತಿ ಶಿಬಿರಕ್ಕೆ ಹೋಗುವುದಾದರೆ ಅಡಿಕೆ ಕೊಯ್ಲಿಗೂ ಸುಗ್ಗಿಗೂ ಮೊದಲು, ಅಕ್ಟೋಬರ್ ಹೊತ್ತಿನಲ್ಲಿ ದಿನ ಗೊತ್ತುಮಾಡಿಕೊಳ್ಳುವುದು ಲೇಸು.

ಹಣವನ್ನು ಸಂಸ್ಥೆಯೇ ಕೊಡುವುದಾದರೆ ಎರಡು ವಿಷಯಗಳನ್ನು ಮೊದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು. ತರಬೇತಿಯ ನಂತರ ಇಂತಿಷ್ಟು ವರ್ಷ ಕೆಲಸ ಬಿಡಬಾರದೆಂಬ ಕರಾರು ಇದೆಯೇ, ಇದ್ದರೆ ಬಿಟ್ಟಾಗ ಹಿಂದಿರುಗಿಸಬೇಕಾದ ಮೊತ್ತ ಎಷ್ಟು ಎಂಬುದು ಒಂದು. ತರಬೇತಿಯಿಂದ ಬಂದ ಮೇಲೆ ಸಭೆ ನಡೆಸುವ, ತಂಡ ನೋಡಿಕೊಳ್ಳುವ ಯಾವ ಹೊಸ ಹೊಣೆಯನ್ನು ಕೊಡುತ್ತಾರೆಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಆ ತರಬೇತಿಯನ್ನು ಮುಂದಿನ ವರ್ಷಕ್ಕೆ ಮುಂದೂಡಿ, ಆ ದಿನಗಳ ರಜೆಯನ್ನು ಉಳಿಸಿಕೊಳ್ಳಬಹುದು.